ಹನ್ನೊಂದನೆಯ ಅಜ್ಜ

ಉಬಹ್ ತನ್ನ ಸಂಶೋಧನಾ ಪ್ರಬಂಧದ ಮೊದಲ ಪುಟ ತೆರೆದು ಸಹಿಯ ಜಾಗಕ್ಕೆ ಬೆರಳಿಟ್ಟಳು. ಪ್ರೊಫೆಸರ್ ಗುಲೇದ್ ಪೆನ್ನಿನ ಮುಚ್ಚಳ ಬಿಚ್ಚಿದರು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಗೋರಂಟಿ ಹಚ್ಚಿದ ಕೆಂಪು ಗಡ್ಡದ ಮುದುಕ ಶಿರ್ವಾ ಒಳಗೆ ಬಂದರು. ಪ್ರೊಫೆಸರರ ಪಂಗಡಕ್ಕೆ ಅವರೇ ಹಿರಿಯರು. ಅವರ ಬಂದೂಕಿನವರು ವರಾಂಡದಲ್ಲಿ ನಿಂತರು. ಮೊಗದಿಶುವಿನ ಆ ವಿಶ್ವವಿದ್ಯಾಲಯದಲ್ಲಿ ಹಾಜರಿ ಪಕ್ಕಾ ಇರುವುದು ಬಂದೂಕಿನವರದ್ದು ಮಾತ್ರ.

"ಪೆನ್ನು ಕೆಳಗಿಡಪ್ಪ," ಎಂದರು ಶಿರ್ವಾ, ಯಾರೂ ಹೇಳುವ ಮೊದಲೇ ಕುರ್ಚಿ ಎಳೆದು ಕೂತು. "ಇನ್ಮೇಲೆ ದೊಡ್ಡ ದೊಡ್ಡ ಕಾಗದಕ್ಕೆ ಸಹಿ ಹಾಕೋನು ನೀನು. ಪ್ರಧಾನಿ ಕುರ್ಚಿ ಈ ಸಲ ನಮ್ಮ ಪಾಲಿಗೆ ಬಂತು."

ಆ ದೇಶದಲ್ಲಿ ಕುರ್ಚಿಗಳನ್ನು ಹಂಚುವುದು ನಾಲ್ಕೂವರೆಯ ಲೆಕ್ಕದಲ್ಲಿ. ನಾಲ್ಕು ದೊಡ್ಡ ಪಂಗಡಗಳಿಗೆ ಒಂದೊಂದು ಪಾಲು, ಉಳಿದ ಎಲ್ಲರಿಗೂ ಸೇರಿ ಅರ್ಧ. ಉಬಹ್ ಆ ಅರ್ಧದವಳು, ಕಮ್ಮಾರರ ಮನೆಯ ಹುಡುಗಿ. ಈ ಲೆಕ್ಕವೇ ದೇಶಕ್ಕೆ ಹಿಡಿದ ರೋಗ ಎಂದು ಪ್ರೊಫೆಸರ್ ಮೂರು ಪುಸ್ತಕ ಬರೆದಿದ್ದರು. ನೈರೋಬಿಯ ಹೋಟೆಲುಗಳ ವಿಚಾರಸಂಕಿರಣಗಳಲ್ಲಿ ಅದನ್ನು ಬೈದೂ ಬೈದೂ ಅವರ ಹೊಟ್ಟೆಗೊಂದು ಘನತೆ ಬಂದಿತ್ತು. ಈಗ ಮುದುಕನಿಗೆ ಸರಿಯಾಗಿ ಬೀಳುತ್ತದೆ ಎಂದು ಉಬಹ್ ಕಾದಳು.

"ನಾನೇ ಯಾಕೆ ದೊಡ್ಡಪ್ಪಾ?" ಎಂದರು ಪ್ರೊಫೆಸರ್.

"ನೀನು ಯಾರಿಗೂ ಗುಂಡು ಹೊಡೆದಿಲ್ಲ. ಹಾಗಾಗಿ ನಿನ್ನ ಮೇಲೆ ಯಾರಿಗೂ ಸೇಡಿಲ್ಲ. ನಮ್ಮ ಪಂಗಡ ಪೂರ್ತಿ ಜಾಲಾಡಿದ್ರೂ ಅಂಥೋನು ಸಿಕ್ಕಿದ್ದು ನೀನೊಬ್ನೇ."

ಪ್ರೊಫೆಸರ್ ಕಣ್ಣು ಮುಚ್ಚಿ ಗಾಢವಾಗಿ ಯೋಚಿಸಿದರು. ಚಹಾಕ್ಕೆ ಸಕ್ಕರೆ ಹಾಕಿ ಕಲಕುವಷ್ಟು ಹೊತ್ತು. "ದೇಶ ಕರೆದಾಗ ಇಲ್ಲ ಅನ್ನೋಕಾಗುತ್ತಾ?" ಎಂದರು.

"ಅದೇ ಮತ್ತೆ! ಆದ್ರೆ ಒಂದು ಸಣ್ಣ ವಿಚಾರ. ನೀನು ನಮ್ಮವನೇ ಅಲ್ಲ ಅಂತ ಎದುರು ಗುಂಪಿನವರು ಪುಕಾರು ಎಬ್ಬಿಸಿದ್ದಾರೆ. ನಿನ್ನ ಅಜ್ಜಂದಿರ ಹೆಸರು ಒಂದು ಹದಿನೈದು ಹೇಳಿಬಿಡು. ನಾನು ಕಿವಿಯಾರೆ ಕೇಳಿದೆ ಅಂತ ಅವರ ಬಾಯಿ ಮುಚ್ಚಿಸ್ತೀನಿ."

ಅಲ್ಲಿ ಮೂಗು ಒರೆಸಿಕೊಳ್ಳಲು ಬಾರದ ಕೂಸೂ ಇಪ್ಪತ್ತು ತಲೆಮಾರು ಪಟಪಟನೆ ಹೇಳುತ್ತದೆ. ಮೂರು ಪುಸ್ತಕ ಬರೆದವರ ನೆನಪು ಅಷ್ಟು ಚುರುಕಾಗಿರಲಿಲ್ಲ. ವರ್ಸಮೆ, ದಿರಿಯೆ, ರೋಬ್ಲೆ ಎಂದು ಶುರುವಾದ ಮೆರವಣಿಗೆ ಹತ್ತನೆಯವನ ಹತ್ತಿರ ನಿಂತೇಬಿಟ್ಟಿತು. "ಆಮೇಲೆ... ಎಗಾಲ್?" ಎಂದರು. ಶಿರ್ವಾರ ಹುಬ್ಬು ಮೇಲೇರಿತು. ಎಗಾಲ್ ಎದುರು ಗುಂಪಿನ ಮೂಲಪುರುಷ.

"ಹಾಂಡುಲ್ಲೆ, ಸಾರ್," ಎಂದಳು ಉಬಹ್ ಮೆಲ್ಲಗೆ.

"ಹಾಂಡುಲ್ಲೆ! ನಾಲಗೆ ತುದೀಲೇ ಇತ್ತು." ಉಳಿದ ನಾಲ್ಕು ಹೆಸರನ್ನೂ ಅವಳ ತುಟಿ ನೋಡಿಕೊಂಡೇ ಹೇಳಿದರು. ಹೀಗೆ ಆ ದೇಶಕ್ಕೊಬ್ಬ ಪ್ರಧಾನಿ ಸಿಕ್ಕಿದ. ಶಿರ್ವಾ ಪ್ರೊಫೆಸರರ ಬೆನ್ನು ತಟ್ಟಿ, ಬಂದೂಕಿನವರಿಗೆ ಕಾರು ತರಲು ಹೇಳಲು ಬಾಗಿಲ ಕಡೆ ನಡೆದರು.

"ಸಾರ್, ಸಹಿ," ಎಂದಳು ಉಬಹ್. ಮೂರು ವರ್ಷದಿಂದ ಅವಳು ಈ ಸಹಿಗಾಗಿ ಅಲೆದಿದ್ದಳು. ಸಂಜೆಯೊಳಗೆ ಪ್ರಬಂಧ ಕಚೇರಿಗೆ ಮುಟ್ಟದಿದ್ದರೆ ಬೈದೋವಾ ಊರಿನ ಕಾಲೇಜಿನ ಕೆಲಸ ಬೇರೆಯವರಿಗೆ ಹೋಗುತ್ತಿತ್ತು. ಕಮ್ಮಾರರ ಮನೆಯ ಹುಡುಗಿಯನ್ನು ಆ ಕಾಲೇಜು ಎರಡನೇ ಸಲ ಕರೆಯುವುದಿಲ್ಲ.

"ಇದರಲ್ಲಿ ನಾಲ್ಕೂವರೆ ಲೆಕ್ಕ ರದ್ದಾಗಬೇಕು ಅಂತ ಬರೆದಿದ್ದೀಯಲ್ವಾ?"

"ಅದು ನಿಮ್ಮ ಮಾತೇ ಸಾರ್."

"ಆಗ ನಾನು ಬರೀ ಮೇಷ್ಟ್ರು, ಮಗಳೇ."

"ಹತ್ತು ನಿಮಿಷದ ಹಿಂದೆ, ಸಾರ್."

ಪ್ರಧಾನಿ ಗಂಟಲು ಸರಿಮಾಡಿಕೊಂಡರು. "ಒಂದು ಸಮಿತಿ ಮಾಡೋಣ. ಅವರು ಓದಿ ವರದಿ ಕೊಡಲಿ."

ಉಬಹಳ ಮೈ ಉರಿದುಹೋಯಿತು. ಆದರೆ ಮೇಷ್ಟ್ರೆದುರು ದನಿಯೇರಿಸಿ ಅವಳಿಗೆ ಅಭ್ಯಾಸವಿರಲಿಲ್ಲ. "ನೀವಂತೂ ಓದಿದ್ದೀರಲ್ಲ ಸಾರ್?" ಎಂದಳು.

"ಅಕ್ಷರ ಅಕ್ಷರ."

"ಹಾಗಾದ್ರೆ ಇನ್ನೂರ ಹನ್ನೆರಡನೇ ಪುಟ ನಿಮಗೆ ಗೊತ್ತೇ ಇರುತ್ತೆ." ಅವಳು ಪುಟ ತಿರುವಿ ಅವರ ಮುಂದೆ ಸರಿಸಿ, ಬಾಗಿಲಿಗೆ ಕೇಳದಷ್ಟು ದನಿ ತಗ್ಗಿಸಿದಳು. "ಹಾಂಡುಲ್ಲೆ ಕಮ್ಮಾರರ ಮಗು. ಬರಗಾಲದಲ್ಲಿ ಅಪ್ಪ ಅಮ್ಮ ಸತ್ತಮೇಲೆ ನಿಮ್ಮವರು ಸಾಕಿಕೊಂಡ್ರು, ತಮ್ಮ ವಂಶದಲ್ಲೇ ಹೆಸರು ಸೇರಿಸಿಕೊಂಡ್ರು. ಹೇಳಿದ್ದು ನಿಮ್ಮ ಸೋದರತ್ತೆ. ಟೇಪು ನಮ್ಮಮ್ಮನ ಪೆಟ್ಟಿಗೇಲಿದೆ."

ಪ್ರೊಫೆಸರ್ ತಮ್ಮ ಶಿಷ್ಯೆಯ ಪ್ರಬಂಧವನ್ನು ಮೊಟ್ಟಮೊದಲ ಬಾರಿಗೆ ಓದಿದರು. ಒಂದೇ ಪುಟವಾದರೂ ಬಹಳ ಶ್ರದ್ಧೆಯಿಂದ, ಅಡಿಟಿಪ್ಪಣಿ ಸಮೇತ. ಹಣೆ ಒರೆಸಿಕೊಂಡು ಮೊದಲ ಪುಟಕ್ಕೆ ಬಂದು ಸಹಿ ಹಾಕಿದರು. ಕೆಳಗೆ 'ಅತ್ಯುತ್ತಮ' ಎಂದೂ ಬರೆದರು.

ಬಾಗಿಲಲ್ಲಿ ಶಿರ್ವಾ ತಿರುಗಿ ನಿಂತಿದ್ದರು. ಮುದುಕನ ಕಣ್ಣು ಉಬಹಳ ಮೇಲೆಯೇ ಇತ್ತು. "ನಮ್ಮ ಅಜ್ಜಂದಿರ ಹೆಸರೆಲ್ಲ ಇವಳಿಗೆ ಬಾಯಿಪಾಠ ಇದೆಯಲ್ಲಯ್ಯಾ. ಯಾರ ಪೈಕಿ ಈ ಹುಡುಗಿ?"

ಉಬಹ್ ಪ್ರಬಂಧವನ್ನು ಎದೆಗವಚಿಕೊಂಡು ಪ್ರಧಾನಿಯ ಮುಖ ನೋಡಿದಳು.

"ನಮ್ಮ ಪೈಕಿಯೇ, ದೊಡ್ಡಪ್ಪಾ," ಎಂದರು ಪ್ರೊಫೆಸರ್ ಗುಲೇದ್. ಅವರ ಜೀವಮಾನದಲ್ಲಿ ಅದಕ್ಕಿಂತ ಖಚಿತವಾದ ಸಂಶೋಧನೆ ಇನ್ನೊಂದಿರಲಿಲ್ಲ.