ರೇಡಿಯೇಟರಿಗೆ ನೀರು

ಮಗಳ ಕರುಳಿನ ಉರಿಯೂತ ವಂಶದಲ್ಲಿ ಇಳಿದು ಬಂದಿರಬಹುದು ಎಂದ ಡಾಕ್ಟರು, "ಮನೆಯಲ್ಲಿ ಮೊದಲು ಯಾರಿಗಾದರೂ ಇತ್ತೆ?" ಎಂದು ಕೇಳಿದಾಗ, ಹಳೆಯ ಬಸ್ಸಿನ ಡೀಸೆಲ್ ವಾಸನೆ ಮೂಗಿಗೆ ಬಂದಂತಾಯಿತು.

ಅರವತ್ತರ ದಶಕದ ಒಂದು ಮಧ್ಯಾಹ್ನ, ಅಪ್ಪನ ಜೊತೆ ಹೊಸನಗರದಿಂದ ತೀರ್ಥಹಳ್ಳಿಗೆ ಹೊರಟಿದ್ದೆ. ಅಪ್ಪ ತಾಲ್ಲೂಕು ಕಚೇರಿಯ ಗುಮಾಸ್ತರು. ಹೊಟ್ಟೆ ನುಲಿದರೆ ಅವರಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ, ಬಾಯಿಬಿಟ್ಟು ಹೇಳಲು ನಾಚಿಕೆ. ಅರ್ಧ ದಾರಿಯಲ್ಲಿ ಅವರು ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದರು. ಬೆರಳುಗಳು ಬಿಳಿಚಿದ್ದವು. ಕನ್ನಡಿಯಲ್ಲಿ ಅದನ್ನು ಕಂಡ ಡ್ರೈವರ್ ಹಳ್ಳದ ಪಕ್ಕ ಬಸ್ಸು ನಿಲ್ಲಿಸಿದ.

"ಇಂಜಿನ್ ಕಾದಿದೆ. ನೀರು ಹಾಕ್ಬೇಕು. ಇಳಿಯೋರು ಇಳೀರಿ."

"ನಿನ್ ಬಸ್ಸಿಗೆ ನಮ್ ಎಮ್ಮೆಗಿಂತ ಬಾಯಾರಿಕೆ ಮಾರಾಯ," ಎಂದಳೊಬ್ಬಳು. ಎಲ್ಲರೂ ನಗುತ್ತಾ ಇಳಿದರು. ಅಪ್ಪ ಮರಗಳ ಹಿಂದೆ ಮರೆಯಾದರು.

ನಾನು ಡ್ರೈವರನ ಬಳಿ ನಿಂತೆ. ಅವನು ಬರಿಗೈಯಲ್ಲೇ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ನೀರು ಅಂಚಿನವರೆಗೂ ಇತ್ತು. ಹಳ್ಳದಿಂದ ತಂದ ನೀರನ್ನು ನೆಲಕ್ಕೆ ಸುರಿದು, "ಅಪ್ಪಯ್ಯ ಬಂದ್ರಾ ನೋಡು, ನಿಧಾನ ಬರ್ಲಿ," ಎಂದ.

ರೇಡಿಯೇಟರು ನಿಜಕ್ಕೂ ತುಂಬಿತ್ತೇ ಎಂದು ಈಗ ಅನುಮಾನ ಬರುತ್ತದೆ. ಆ ಕಾಲದ ಇಂಜಿನ್ನುಗಳು ಏರಿನಲ್ಲಿ ಕಾಯುತ್ತಲೇ ಇದ್ದವು. ಆದರೆ ಆಮೇಲೆ ಎಷ್ಟೋ ಸಲ ಅದೇ ಬಸ್ಸಿನಲ್ಲಿ ಓಡಾಡಿದರೂ, ಅಪ್ಪ ಇಲ್ಲದ ದಿನ ಅದು ಅಲ್ಲಿ ನಿಂತ ನೆನಪು ನನಗಿಲ್ಲ.

"ನನ್ನಪ್ಪನಿಗೆ ಇದ್ದಿರಬೇಕು," ಎಂದೆ. ಡಾಕ್ಟರು ಬರೆದುಕೊಂಡರು.

ಮರಳುವಾಗ ದಾರಿಯಲ್ಲಿ ಬೀಗರು, ಮಗಳ ಮಾವ, ನಮ್ಮ ಕಾರು ಹತ್ತಿದರು. ಸ್ವಲ್ಪ ದೂರದಲ್ಲೇ ನನ್ನ ಪಕ್ಕದಲ್ಲಿದ್ದ ಮಗಳು ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಬೆರಳುಗಳು ಬಿಳಿಚಿದವು. ಹೋಟೆಲೊಂದರ ಮುಂದೆ ಕಾರು ನಿಲ್ಲಿಸಿದೆ.

"ಇಂಜಿನ್ ಕಾದಿದೆ," ಎಂದು ಬೀಗರಿಗೆ ಹೇಳಿ, ಇಳಿದು ಬಾನೆಟ್ ಎತ್ತಿದೆ.