ಚಪ್ಪಲಿ ಬಿಟ್ಟ ಜಾಗ

"ಗೋಡೆ ಕಡೆಯಿಂದ ಬರ್ತಾ ಇದೀರ ಸಾರ್. ಬಾಗಿಲು ಈ ಕಡೆ ಇದೆ."

ನರಸಮ್ಮ ಹಾಗೆಂದಾಗ ಶಾಲೆಯ ಗುಮಾಸ್ತ ಸುಬ್ರಮಣಿ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಂತ. ಕಣ್ಣಿಗೆ ಕಾಣುವ ಗೋಡೆ ಅಲ್ಲೆಲ್ಲೂ ಇರಲಿಲ್ಲ. ನಾಯಂಡಹಳ್ಳಿಯ ಮೇಲ್ಸೇತುವೆಯ ಕೆಳಗೆ, ಎರಡು ಕಂಬಗಳ ನಡುವೆ, ನೆಲದ ಮೇಲೆ ಸುತ್ತಲೂ ಒಂದು ಸುಣ್ಣದ ಗೆರೆ ಇತ್ತು. ಒಂದು ಕಡೆ ಮಾತ್ರ ಒಬ್ಬರು ಹಾಯುವಷ್ಟು ಜಾಗ ಬಿಟ್ಟು, ಅದರ ಮುಂದೆ ಪುಟ್ಟದೊಂದು ರಂಗೋಲಿ ಹಾಕಿತ್ತು. ಸುಬ್ರಮಣಿ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಸುತ್ತಿ ಬಂದು ರಂಗೋಲಿಯ ಮುಂದೆ ನಿಂತ. ಯಾಕೆ ಸುತ್ತಿ ಬಂದೆ ಎಂದು ಅವನಿಗೇ ತಿಳಿಯಲಿಲ್ಲ.

ಅಸಲಿಗೆ ಅವನು ಬಂದದ್ದೇ ಇಲ್ಲಿ ಮನೆ ಇಲ್ಲ ಎಂದು ಕಣ್ಣಾರೆ ನೋಡಿ ಹೋಗಲು. ನರಸಮ್ಮನಿದ್ದ ವಠಾರವನ್ನು ರಸ್ತೆ ಅಗಲ ಮಾಡುವವರು ಕೆಡವಿದ ಮೇಲೆ ತಾಯಿ ಮಗಳಿಗೆ ಈ ಸೇತುವೆಯೇ ಗತಿಯಾಗಿತ್ತು. ಮಗಳು ಚೈತ್ರಳನ್ನು ನಾಲ್ಕನೇ ತರಗತಿಗೆ ಸೇರಿಸಲು ಹೋದಲ್ಲೆಲ್ಲ ವಿಳಾಸ ಕೇಳಿ ವಾಪಸ್ ಕಳಿಸಿದ್ದರು. ಸುಬ್ರಮಣಿಯ ಶಾಲೆಯಲ್ಲೂ ತಪ್ಪಿದರೆ ಹುಡುಗಿಯ ಓದು ಅಲ್ಲಿಗೆ ನಿಂತಂತೆ. "ವಿಳಾಸದ ದಾಖಲೆ ಇಲ್ಲ ಅಂತ ಮಗೂನ ವಾಪಸ್ ಕಳಿಸೋ ಹಾಗಿಲ್ಲ ಕಣ್ರೀ, ಕಾನೂನೇ ಇದೆ," ಎಂದಿದ್ದರು ಮುಖ್ಯೋಪಾಧ್ಯಾಯಿನಿ ಶಶಿಕಲಾ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಸುಬ್ರಮಣಿ ಜಗ್ಗಿರಲಿಲ್ಲ.

"ಮನೇನೇ ಇಲ್ದಿದ್ರೆ ಏನಂತ ಬರೀಲಿ ಮೇಡಂ? ಆಡಿಟ್‌ನವರು ಬಂದ್ರೆ ಹಿಡಿಯೋದು ನನ್ನ ಕುತ್ತಿಗೇನೇ."

"ಸರಿ, ಹೋಗಿ ನೋಡ್ಕೊಂಡು ಬನ್ನಿ. ಮನೆ ಇದೆಯೋ ಇಲ್ವೋ, ನಿಮ್ಮ ಬಾಯಿಂದ ಏನು ಬರುತ್ತೋ ಅದನ್ನೇ ಬರೆಯೋಣ," ಎಂದು ಶಶಿಕಲಾ ಅವನನ್ನು ಸಾಗಹಾಕಿದ್ದರು. ಸುಬ್ರಮಣಿ ಕೆಟ್ಟವನಲ್ಲ, ಪಾಪ. ಯಾವ ಕಾಗದದಲ್ಲಾದರೂ ಖಾಲಿ ಜಾಗ ಕಂಡರೆ ಅವನಿಗೆ ಆವತ್ತು ಅನ್ನ ಇಳಿಯುತ್ತಿರಲಿಲ್ಲ, ಅಷ್ಟೇ.

"ಚಪ್ಪಲಿ ಅಲ್ಲೇ ಬಿಡಿ ಸಾರ್. ಒಳಗೆ ಒರೆಸಿದೀನಿ," ಎಂದಳು ಚೈತ್ರ.

ಒಳಗೂ ಅದೇ ಕಾಂಕ್ರೀಟು, ಹೊರಗೂ ಅದೇ ಕಾಂಕ್ರೀಟು. ಆದರೂ ಹುಡುಗಿ ನಿಂತ ಠೀವಿಗೆ ಎದುರಾಡಲು ಆಗದೆ, ಯುಗಾದಿಗೆ ಕೊಂಡಿದ್ದ ಹೊಸ ಚಪ್ಪಲಿಯನ್ನು ರಂಗೋಲಿಯ ಪಕ್ಕದಲ್ಲಿ ಬಿಟ್ಟು ಒಳಗೆ ಕಾಲಿಟ್ಟ. ಬಲಕ್ಕೆ ಸರಿದರೆ, "ಅದು ದೇವ್ರ ಮನೆ ಸಾರ್." ಬೆಚ್ಚಿ ಎಡಕ್ಕೆ ಹಾರಿದರೆ, "ಅಯ್ಯೋ, ಅಡಿಗೆ ಮನೇಲಿ ನಿಂತಿದೀರ." ಕೊನೆಗೆ ಚಾಪೆಯಷ್ಟೇ ಅಗಲವಿದ್ದ ಹಾಲ್‌ನಲ್ಲಿ ಮೈ ಮುದುರಿಕೊಂಡು ಕುಳಿತ. ನರಸಮ್ಮ ಅಡಿಗೆ ಮನೆಗೆ, ಎಂದರೆ ಅವನ ಮೊಣಕೈ ತಾಗುವಷ್ಟು ದೂರಕ್ಕೆ ಹೋಗಿ ಟೀಗಿಟ್ಟಳು. ಅಲ್ಲಿಂದ ದನಿ ಎತ್ತಿ, "ಸಕ್ಕರೆ ಎಷ್ಟು ಹಾಕ್ಲಿ ಸಾರ್?" ಎಂದು ಕೂಗಿದಳು.

"ಸ್ವಲ್ಪ ಕಮ್ಮಿನೇ ಇರ್ಲಮ್ಮ," ಎಂದು ಸುಬ್ರಮಣಿಯೂ ಕೂಗಿ ಹೇಳಿದ.

ತಾನೂ ಕೂಗಿದೆನಲ್ಲ ಎಂದು ನಾಚಿಕೆಯಾಗಿ ಅತ್ತ ತಿರುಗಿದ. ಕಂಬಕ್ಕೆ ಕಟ್ಟಿದ ಹಗ್ಗದಲ್ಲಿ ಒಂದು ಚೀಲ ತೂಗುತ್ತಿತ್ತು. ಚೈತ್ರ ಅದರಿಂದ ಮೂರನೇ ತರಗತಿಯ ಕನ್ನಡ ಪುಸ್ತಕ ತೆಗೆದು ತೋರಿಸಿದಳು. ಓದಿ ಓದಿ ಅಂಚೆಲ್ಲ ಹತ್ತಿಯಾಗಿತ್ತು.

"ನಾಲ್ಕನೇದು ಇದಕ್ಕಿಂತ ದಪ್ಪ ಇರುತ್ತಾ ಸಾರ್? ಇದು ಬಾಯಿಪಾಠ ಆಗೋಯ್ತು."

ಸುಬ್ರಮಣಿ ಪುಸ್ತಕವನ್ನು ತಿರುವಿ ನೋಡಿದ. ಅವನಿಗೂ ಮಕ್ಕಳಿದ್ದರು, ಬಾಯಿಪಾಠ ಎಂದರೆ ಮಾರು ದೂರ ಓಡುವಂಥವರು. ಆದರೂ ಸೇತುವೆ ಎಂದರೆ ಸೇತುವೆ, ಮನೆ ಎಂದರೆ ಮನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಟೀ ಮುಗಿಸಿ ಎದ್ದ. ಈ ಸಲ ಯಾರೂ ಹೇಳದೆಯೇ ಬಾಗಿಲಿನಿಂದ ಹೊರಬಂದ.

ಅಲ್ಲಿ ಒಂದೇ ಚಪ್ಪಲಿ ಇತ್ತು. ಇನ್ನೊಂದನ್ನು ಕಚ್ಚಿಕೊಂಡ ಕಂದು ನಾಯಿಯೊಂದು ಮೈಸೂರು ರಸ್ತೆಯನ್ನು ದಾಟುತ್ತಿತ್ತು. ಚೈತ್ರ ಹಿಂದೆ ಓಡಿದಳು. ನಾಯಿ ಲಾರಿಗಳ ಸಾಲಿನಲ್ಲಿ ಮಾಯವಾಯಿತು. ಸುಬ್ರಮಣಿ ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು, ಒಂದು ಕಾಲು ಎತ್ತರ ಒಂದು ಕಾಲು ತಗ್ಗಾಗಿ ಶಾಲೆಯವರೆಗೂ ನಡೆದ.

"ಏನ್ರೀ ಇದು ಅವತಾರ?" ಎಂದರು ಶಶಿಕಲಾ.

"ಏನ್ ಹೇಳ್ಲಿ ಮೇಡಂ. ಮನೆ ಒಳಗೆ ಹೋಗುವಾಗ ಬಾಗಿಲ ಹತ್ರಾನೇ ಬಿಟ್ಟಿದ್ದೆ. ಹಾಲ್‌ನಲ್ಲಿ ಕೂತು ಟೀ ಕುಡಿದು ಬರೋಷ್ಟರಲ್ಲಿ ನಾಯಿ ಎತ್ಕೊಂಡು ಹೋಗಿದೆ."

ಶಶಿಕಲಾ ಪೆನ್ನಿನ ಕ್ಯಾಪು ತೆಗೆದರು. "ಯಾರ ಮನೆ ಬಾಗಿಲು, ಸುಬ್ರಮಣಿಯವರೇ?"

ಸುಬ್ರಮಣಿ ತನ್ನ ಕಾಲು ನೋಡಿಕೊಂಡ. ಆಮೇಲೆ ನಿಧಾನವಾಗಿ, "ನರಸಮ್ಮನವರದು ಮೇಡಂ," ಎಂದ. ಹೇಳಿದ ಮೇಲೆ ಯಾಕೋ ಹಗುರವೆನಿಸಿತು.

ಮರುದಿನ ಬೆಳಿಗ್ಗೆ, ಹೆಗಲಿಗೆ ಚೀಲ ಏರಿಸಿಕೊಂಡ ಚೈತ್ರ ಆಫೀಸಿನ ಹೊಸಿಲಾಚೆ ನಿಂತಿದ್ದಳು. ಕೈಯಲ್ಲಿ ನಾಯಿ ಅಗಿದು ಬಿಟ್ಟ ಚಪ್ಪಲಿ.

"ಸಿಕ್ತು ಸಾರ್. ಒಳಗೆ ಬರ್ಲಾ?"

"ಬಾರಮ್ಮ, ಬಾ. ಚಪ್ಪಲಿ ಅಲ್ಲೇ..." ಎಂದು ಅಭ್ಯಾಸಬಲದಿಂದ ಹೇಳಹೊರಟ ಸುಬ್ರಮಣಿ, ಅವಳ ಬರಿಗಾಲು ನೋಡಿ ಅಲ್ಲಿಗೇ ಸುಮ್ಮನಾದ.