ನೂಲಿಲ್ಲದ ಕಾಲು

ದಿನಕ್ಕೊಮ್ಮೆ, ಹೊತ್ತುಗೊತ್ತಿಲ್ಲದೆ, ನದಿ ಒಂಬತ್ತು ನಿಮಿಷ ಕಲ್ಲಾಗುತ್ತಿತ್ತು. ಅನಂತರ ಸಿಡಿದು, ಸಿಕ್ಕಿಕೊಂಡ ದೋಣಿಗಳನ್ನು ಪುಡಿಗಟ್ಟುತ್ತಿತ್ತು. ಅದಕ್ಕೆಂದೇ ರಕ್ಷಣಾಧಿಕಾರಿ ತುಳಸಿ ದಡದುದ್ದಕ್ಕೂ ಇನ್ನೂರು ಹೆಜ್ಜೆಗೊಂದು, ನದಿಗಿಳಿಯುವ ಮೆಟ್ಟಿಲುಗಳ ಇಳಿದಾರಿ ಮಾಡಿಸಿದ್ದಳು. ಅಂಬಿಗರು, ಕಲ್ಲಿನಲ್ಲಿ ಸಿಕ್ಕಿಕೊಂಡರೆ ಕಡಿಸಿಕೊಳ್ಳಲು ತಾವು ಒಪ್ಪಿದ ಕಾಲಿಗೆ ಕರಿನೂಲು ಕಟ್ಟಿಕೊಂಡೇ ದೋಣಿ ಹತ್ತುತ್ತಿದ್ದರು. ನೂಲಿಲ್ಲದ ಕಾಲನ್ನು ಕಡಿಯಬಾರದೆಂಬ ನಿಯಮವನ್ನು ಬರೆದವಳೂ ಅವಳೇ.

ಅಂದು ಅವಳು ಕೊಡಲಿ ಹಿಡಿದು, ಕಲ್ಲಾದ ನದಿಯ ಮೇಲೆ ಓಡಿ ಹೊನ್ನಪ್ಪ ಅಂಬಿಗನನ್ನು ತಲುಪಿದಾಗ ಮೂರು ನಿಮಿಷ ಉಳಿದಿತ್ತು. ದೋಣಿ ತಳ್ಳಲೆಂದು ನೀರಿಗಿಳಿಸಿದ್ದ ಅವನ ಎಡಗಾಲು ಮೊಣಕಾಲಿನವರೆಗೆ ಹೂತುಹೋಗಿತ್ತು. ನೂಲು ಬಲಗಾಲಿನಲ್ಲಿತ್ತು.

“ಇದನ್ನ ಮುಟ್ಟಬೇಡ ತಂಗಿ. ಇದನ್ನ ಊರಿಯೇ ನಾನು ಹುಟ್ಟು ಹಾಕೋದು. ಬೇಕಿದ್ರೆ ಬಲಗಾಲು ಕಡಿದು ನಿನ್ನ ನಿಯಮಕ್ಕೆ ನೈವೇದ್ಯ ಮಾಡು.”

“ಹೊನ್ನಣ್ಣ, ಇನ್ನು ಎರಡೇ ನಿಮಿಷ ಇದೆ.”

“ನಿಂಗೆ ಸಾಕು. ಓಡು.”

ಕಾಲಡಿಯಲ್ಲಿ ನದಿ ಬಿರುಕು ಬಿಡತೊಡಗಿತು. ತುಳಸಿ ರಕ್ತ ಸೋರದಂತೆ ಅವನ ಎಡತೊಡೆಗೆ ಹಗ್ಗ ಬಿಗಿದಳು. ಅವನು ಹುಟ್ಟನ್ನೆತ್ತಿ ಅವಳ ಹೆಗಲಿಗೆ ಬಾರಿಸಿದ. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಅವಳು ಕೊಡಲಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಮೂರು ಏಟು ಹಾಕಿದಳು.

ಅವನನ್ನು ಎಳೆದುಕೊಂಡು ಅವಳು ಇಳಿದಾರಿಯ ಮೆಟ್ಟಿಲೇರುವಷ್ಟರಲ್ಲಿ ನದಿ ಸಿಡಿಯಿತು. ದೋಣಿಯ ಹಲಗೆಗಳು ಚೂರುಚೂರಾಗಿ ಮೇಲೆ ಹಾರಿದವು.

ಹೊನ್ನಪ್ಪ ಕಣ್ತೆರೆದು, ಮೊಂಡಾದ ಕಾಲನ್ನು ನೋಡಿ, ಅವಳ ಕೆನ್ನೆಗೆ ಹೊಡೆದ. ತುಳಸಿ ಆ ಪೆಟ್ಟಿನ ಬಿರುಸನ್ನು ಮನಸ್ಸಿನಲ್ಲೇ ಅಳೆದಳು. ಇಷ್ಟು ಕಸುವಿರುವವನು ಆಸ್ಪತ್ರೆ ಮುಟ್ಟುವವರೆಗೆ ಖಂಡಿತ ಬದುಕಿರುತ್ತಾನೆ.